ಕಳಸಗಿತ್ತಿ ಸೋತ ಒಗಟು

ನಮ್ಮೂರನ್ನು ಗುಂಡ್ಲುಪೇಟೆಯವರಿಗೆ ಕೊಟ್ಟುಬಿಟ್ಟಾಗ ನನಗೆ ಹನ್ನೊಂದು ವರ್ಷ. ಕೊಟ್ಟದ್ದು ಬರೀ ಬಾಯಿಮಾತಿನಲ್ಲಿ, ಒಗಟಿನ ಆಟದಲ್ಲಿ. ಆದರೂ ನೆನೆದರೆ ಈಗಲೂ ಮೈ ಉರಿಯುತ್ತದೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಆಟ ಹೀಗಿತ್ತು. ಒಬ್ಬರು ಒಗಟು ಹಾಕಿದರೆ ಎದುರಿನವರು ಬಿಡಿಸಬೇಕು. ಆಗದಿದ್ದರೆ ಸೋತೆ ಎಂದು ಒಪ್ಪಿಕೊಂಡು ಒಂದು ಊರು ಕೊಡಬೇಕು. ಗೆದ್ದವರು ಆ ಊರಿಗೆ ಹೋಗಿ ಏನು ಕಂಡೆ, ಏನು ತಿಂದೆ ಎಂದು ಜಂಬ ಕೊಚ್ಚಿ ಆಮೇಲೆ ಉತ್ತರ ಹೇಳುತ್ತಾರೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಅಜ್ಜಿ, ಅಕ್ಕ, ನಾನು ಇದನ್ನು ಆಡುತ್ತಿದ್ದೆವು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಒಂದು ಪದವನ್ನು ಬೆರಳಿನ ಗೆಣ್ಣುಗಳ ಮೇಲೆ ಅಕ್ಷರ ಅಕ್ಷರವಾಗಿ ಕೂರಿಸಿ, ತುದಿ ಕಿತ್ತರೆ ಏನು ಉಳಿಯುತ್ತದೆ, ನಡು ಕಿತ್ತರೆ ಏನು ಉಳಿಯುತ್ತದೆ ಎಂದು ನೋಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಅದನ್ನು ನಮ್ಮಿಬ್ಬರಿಗೂ ಕಲಿಸಿದಳು. ಅಕ್ಕ ನನಗಿಂತ ಚುರುಕು. ಅವಳಿಂದ ಸಂತೆಮರಹಳ್ಳಿ ಗೆಲ್ಲಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು. ನಮ್ಮೂರನ್ನು ಮಾತ್ರ ಯಾರೂ ಕೊಡುವಂತಿರಲಿಲ್ಲ.

"ಇರೋ ಊರ್ನೇ ಕೊಟ್ಬುಟ್ರೆ ಎಲ್ ಮನೀಕತೀರಿ?" ಎಂದು ಅಜ್ಜಿ ಗದರುತ್ತಿದ್ದಳು.

ಅಕ್ಕನನ್ನು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರ ಮನೆಗೆ ಕೊಡುವುದೆಂದು ಗೊತ್ತಾಯಿತು. ನಮ್ಮ ಕಡೆ ಧಾರೆ ಮುಗಿದ ಮೇಲೆ ಚಪ್ಪರದಡಿ ಎರಡೂ ಕಡೆಯವರು ಚಾಪೆಯ ಮೇಲೆ ಎದುರು ಬದುರು ಕೂತು ಒಗಟು ಹಾಕುವುದಿತ್ತು. ಅದಕ್ಕೊಂದು ಯಾರೂ ಬಾಯಿಬಿಟ್ಟು ಹೇಳದ ನಿಯಮವೂ ಇತ್ತು. ನನಗೆ ಮಾತ್ರ ಅಪ್ಪ ಹಿಂದಿನ ದಿನವೇ ಬಾಯಿಬಿಟ್ಟು ಹೇಳಿದ.

"ಮೂರ್ನಾಕು ಬಿಡ್ಸು, ಬ್ಯಾಡ ಅನ್ನಕಿಲ್ಲ. ಕಡೇದ್ರಲ್ಲಿ ಸೋತ್ಬುಡು. ಎಣ್ ಕೊಡೋರು ನಾವು. ಅವ್ರು ಗೆದ್ದು ನಗ್‌ನಗ್ತಾ ಓದ್ರೆ ನಿಮ್ಮಕ್ಕುನ್ನ ಚೆಂದಾಗಿ ನೋಡ್ಕತರೆ ಕಣಮ್ಮಿ."

ಮದುವೆಯಲ್ಲಿ ನಾನು ಕಳಸಗಿತ್ತಿ. ಎಂದರೆ, ಮದುಮಗಳ ಪಕ್ಕದಲ್ಲಿ ಕಳಸ, ಕನ್ನಡಿ ಹಿಡಿದು ನಿಲ್ಲುವ ತಂಗಿ. ಗಂಡ ಸತ್ತವಳೆಂದು ಅಜ್ಜಿಯನ್ನು ಚಪ್ಪರದ ಕೆಳಗೆ ಬಿಡಲಿಲ್ಲ. ಕಲಿಸಿದವಳು ಬಾಗಿಲ ಹಿಂದೆ, ಸೋಲಬೇಕಾದವಳು ಚಾಪೆಯ ಮೇಲೆ! ಮದುಮಗನ ಸೋದರಮಾವ ಗುಂಡ್ಲುಪೇಟೆಯಲ್ಲಿ ಮೇಷ್ಟ್ರು. ಮೂರು ಒಗಟು ಹಾಕಿದರು, ಮೂರನ್ನೂ ಬಿಡಿಸಿದೆ. ಅವರ ಮುಖ ಬಿಗಿಯಿತು. ನಾಲ್ಕನೆಯದಕ್ಕೆ ಅಪ್ಪನ ಕೈ ನನ್ನ ಭುಜದ ಮೇಲೆ ಬಂತು.

"ಮೂರಕ್ಷರ," ಎಂದರು ಮೇಷ್ಟ್ರು. "ತುದಿ ಕಿತ್ರೆ ಕಳ್ಳ ಗೋಡೆಗೆ ಆಕದು. ನಡು ಕಿತ್ರೆ ಕೈಗೆ ಕೊಡ್ಲಿ ಕೊಟ್ಟು ಅನ್ನದು. ಇಡಿಯಾಗಿದ್ರೆ ನಿನ್ನೇ ನಿಂಗೆ ತೋರ್ಸದು."

ಕಳ್ಳ ಹಾಕುವುದು ಕನ್ನ. ಕೊಡಲಿ ಕೊಟ್ಟು ಅನ್ನುವುದು ಕಡಿ. ಇಡಿಯಾದದ್ದು ನನ್ನ ಕೈಯಲ್ಲೇ ಇತ್ತು. ಕನ್ನಡಿ! ಬಾಗಿಲ ಹಿಂದೆ ಅಜ್ಜಿ ಎರಡು ಸಲ ಕೆಮ್ಮಿದಳು. ಅಕ್ಕ ತಲೆ ಎತ್ತಿ ನನ್ನನ್ನೇ ನೋಡಿದಳು. ಅಪ್ಪನ ಬೆರಳು ಭುಜದ ಮೂಳೆಗೆ ಒತ್ತಿತು.

"ಸೋತೆ," ಎಂದೆ. "ಪುಣಜನೂರು ಕೊಡ್ತೀನಿ."

"ಕಾಡ್ ಪಕ್ಕದೂರ ತಕ್ಕಂಡು ಆನೆ ಕಾಯನಾ? ನಿಮ್ಮೂರ್ನೇ ಕೊಡು."

ನಾನು ಅಪ್ಪನ ಮುಖ ನೋಡಿದೆ. "ಕೊಡು ಕಣಮ್ಮಿ," ಎಂದ. ಕೊಟ್ಟೆ. ಮೇಷ್ಟ್ರು ಚಾಮರಾಜನಗರಕ್ಕೆ ಹೋಗಿಬಂದಂತೆ ಅಭಿನಯಿಸಿ, ಅಲ್ಲಿ ಮನೆಮನೆಯಲ್ಲೂ ಬರೀ ಪೆದ್ದುಗಳು ಕಂಡರು ಎಂದು ಹೇಳಿ, ನನ್ನ ಕೈಯಿಂದ ಕನ್ನಡಿ ಕಿತ್ತುಕೊಂಡು ಎಲ್ಲರಿಗೂ ತೋರಿಸಿದರು. ಗಂಡಿನ ಕಡೆಯವರು ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕ. ಆ ನಗುವಿಗಾಗಿ ನಾನು ಅವನನ್ನು ಕ್ಷಮಿಸಿಲ್ಲ. ಅಕ್ಕ ತಲೆ ತಗ್ಗಿಸಿದಳು. ನಾಚಿಕೆ ಇರಬೇಕು ಎಂದುಕೊಂಡೆ.

ಒಂದೂವರೆ ವರ್ಷದ ಮೇಲೆ ಅಕ್ಕ ಹೆರಿಗೆಗೆ ಬಂದಳು. ಬಾಣಂತಿ ಕೋಣೆಯಲ್ಲಿ ಅಜ್ಜಿ ಅವಳನ್ನು ನಗಿಸಲೆಂದು ಹಳೆಯ ಒಗಟೊಂದನ್ನು ತೆಗೆದಳು. ಅಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಬ್ಯಾಡ ಕಣಜ್ಜಿ, ನಂಗೊಂದೂ ತಿಳಿಯಕಿಲ್ಲ," ಎಂದು ಅತ್ತಳು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಅತ್ತೆ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ. ಸೋತ ಊರಿನವಳು, ಸೋತೂರೋಳು. ಸಾರಿಗೆ ಉಪ್ಪು ಹೆಚ್ಚಾದರೆ ಸೋತೂರೋಳು, ಏಳುವುದು ತಡವಾದರೆ ಸೋತೂರೋಳು. ಮಂಡಿಯಲ್ಲಿ ಮೂಟೆ ಹೊರುವವರೂ ಅದನ್ನೇ ಅವಳ ಹೆಸರೆಂದುಕೊಂಡಿದ್ದರಂತೆ.

ನಾನು ನೇರ ಅಪ್ಪನ ಹತ್ತಿರ ಹೋಗಿ ಹೇಳಿದೆ. "ತಮಾಸೆಗೆ ಅಂತರೆ, ಬುಡು," ಎಂದ. ಅವನ ಮುಖ ಸಪ್ಪಗಾದದ್ದನ್ನು ನೋಡಿದೆ. ನನಗೆ ಮರುಕ ಬರಲಿಲ್ಲ. ಚೆನ್ನಾಗಿ ನೋಡಿಕೊಳ್ಳಲಿ ಎಂದು ಸೋಲಿಸಿದನಲ್ಲ, ನೋಡಿಕೊಂಡರಲ್ಲ!

ಐದನೇ ತಿಂಗಳಲ್ಲಿ ಮಗುವನ್ನೂ ಅಕ್ಕನನ್ನೂ ಬಿಟ್ಟು ಬರಲು ಅಪ್ಪನ ಜೊತೆ ನಾನೂ ಹೊರಟೆ. ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಬರುವವರೆಗೂ ಬಸ್ಸಿನಲ್ಲಿ ಅಜ್ಜಿಯ ಒಗಟುಗಳನ್ನು ಬೆರಳಿನ ಗೆಣ್ಣುಗಳ ಮೇಲೆ ಕೂರಿಸಿ ನೋಡುತ್ತಲೇ ಇದ್ದೆ. ಬೀಗರ ಮನೆಯ ಜಗಲಿಯ ಮೇಲೆ ಮೇಷ್ಟ್ರೇ ಕೂತಿದ್ದರು. ನನ್ನನ್ನು ಕಂಡದ್ದೇ, "ಓ, ಕಳಸಗಿತ್ತಿ! ತಕೋ, ಇದ ಬಿಡ್ಸು. ತುದಿ ಕಿತ್ರೆ ನೆರೆಮನೆಯಿಂದ ತರದು, ನಡು ಕಿತ್ರೆ ಸೀರೆ ಮ್ಯಾಲೆ ಕೂತು ಓಗ್ದೆ ಇರದು," ಎಂದರು.

ಇಡಿಯಾಗಿದ್ದರೆ ಏನು ಎನ್ನಲು ನಾನು ಬಿಡಲಿಲ್ಲ. "ಕಡ, ಕಲೆ, ಕಡಲೆ," ಎಂದೆ. ಇನ್ನೊಂದು ಹಾಕಿದರು, ಅದನ್ನೂ ಬಿಡಿಸಿದೆ. ಆಮೇಲೆ ನಾನೇ ಅಜ್ಜಿಯದೊಂದು ಹಾಕಿದೆ. ಅವರು ಮೀಸೆ ಎಳೆದುಕೊಂಡರು, ಮೇಲೆ ನೋಡಿದರು. ಅಪ್ಪ ನನ್ನ ಲಂಗದ ಅಂಚು ಹಿಡಿದು ಜಗ್ಗಿದ. ನಾನು ಕಿತ್ತುಕೊಂಡೆ.

"ಸೋತೆ ಅನ್ನಿ ಮೇಷ್ಟ್ರೆ. ನಮ್ಮೂರ ವಾಪಸ್ ಕೊಡಿ."

"ಯಾವೂರು?"

ನಿಜಕ್ಕೂ ಮರೆತಿದ್ದರು. ಇಡೀ ಚಪ್ಪರದ ಎದುರು ಕಿತ್ತುಕೊಂಡದ್ದು ಆ ಮನುಷ್ಯನ ನೆನಪಿನಲ್ಲೇ ಇರಲಿಲ್ಲ. ನನಗೆ ಅವರ ಮೀಸೆ ಹಿಡಿದು ಎಳೆಯಬೇಕೆನ್ನಿಸಿತು. "ಚಾಮರಾಜನಗರ," ಎಂದೆ ಗಟ್ಟಿಯಾಗಿ, ಒಳಗಿನವರಿಗೂ ಕೇಳಲಿ ಎಂದು.

"ಅಯ್ಯೋ, ಅದಾ? ತಕೋ ತಕೋ, ಕೊಟ್ಟೆ," ಎಂದು ನಕ್ಕು ಎಲೆಯಡಿಕೆ ತಟ್ಟೆ ಎಳೆದುಕೊಂಡರು.

ಒಳಗಿಂದ ಅತ್ತೆಯ ದನಿ ಬಂತು. "ಏ ಸೋತೂರೋಳೇ, ಮಗ ಇಲ್ ಕೊಟ್ಟು ಬೀಗ್ರಿಗೆ ಎಲೆ ಆಕು."

ಅಕ್ಕ ಮಗುವನ್ನು ಅತ್ತೆಯ ಕೈಗಿಟ್ಟು ಬಂದು ಎಲೆ ಹಾಕಿದಳು. ಅಪ್ಪ ತಲೆ ಎತ್ತದೆ ಉಂಡ. ನಾನು ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದೆ. ಅಕ್ಕ ಅನ್ನ ಬಡಿಸಲು ಬಗ್ಗಿದವಳು ನನಗೊಬ್ಬಳಿಗೇ ಕೇಳುವಂತೆ ಅಂದಳು:

"ಇವತ್ ಗೆದ್ದು ಏನ್ ಬಂತು ಕಣಮ್ಮಿ? ಅವತ್ತು ಕನ್ನಡಿ ನಿನ್ ಕೈಯಲ್ಲೇ ಇತ್ತಲ್ಲ. ಅಂದ್ಬುಡ್ತೀಯ ಅಂತ ನಿನ್ನೇ ನೋಡ್ತಿದ್ದೆ."

ನಾನು ಉಣ್ಣಲಿಲ್ಲ. ಅವಳೂ ಬಲವಂತ ಮಾಡಲಿಲ್ಲ.