ಎರಡು ಬರ್ತ್ ಉದ್ದದ ದೋಣಿ

...ಅಥವಾ ಅಪ್ಪ ಸುಣ್ಣದಕಡ್ಡಿಯಿಂದ ದೋಣಿಯ ಗೆರೆ ಎಳೆದದ್ದು ಟೆರೇಸಿನ ಮೇಲೆ ಇರಬಹುದು. ನನಗೆ ಕಾಣುವುದು ವಡೋದರಾದ ಮನೆಯ ಕೆಳಗಿನ ಪಾರ್ಕಿಂಗ್, ಸ್ಕೂಟರುಗಳ ನಡುವೆ ಬಗ್ಗಿ ನಿಂತ ಅಪ್ಪ. ಅಮ್ಮ ಟೆರೇಸು ಅನ್ನುತ್ತಾಳೆ. ಅವಳು ಅಲ್ಲಿದ್ದಳು, ನಾನೂ ಇದ್ದೆ ಅಂದುಕೊಂಡಿದ್ದೇನೆ. ಬೇರೆ ಊರಿನ ಸ್ಯಾಟಲೈಟ್ ಬಡಾವಣೆಯ ನನ್ನ ಫ್ಲ್ಯಾಟಿನಿಂದ ಭಾನುವಾರಗಳಲ್ಲಿ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಯಾವ ಭಾನುವಾರದ ಮಾತು ಯಾವುದಕ್ಕೆ ಅಂಟಿಕೊಂಡಿದೆಯೋ.

ಅಪ್ಪ ಹುಬ್ಬಳ್ಳಿಯವನು, ರೈಲ್ವೆಯಲ್ಲಿದ್ದವನು. ನಿವೃತ್ತಿಯಾದ ಮೇಲೆ ಮೀನು ಹಿಡಿಯುವ ದೋಣಿ ಬೇಕೆಂದ. ಸೂರತ್ತಿನ ಆಚೆ, ನದಿ ಕಡಲಿಗೆ ಸೇರುವಲ್ಲಿ ಅದನ್ನು ಇಟ್ಟುಕೊಂಡು, ಬೇಕಾದಾಗ ಹೋಗಿ ಗಾಳ ಹಾಕಿ ಕೂರುವುದು.

"ಅಲ್ರೀ, ನಮ್ಮನ್ಯಾಗ ಮೀನ ತಿನ್ನೋರು ಯಾರದಾರ? ಹಿಡದು ಏನ್ ಮಾಡ್ತೀರಿ, ಮಾತಾಡಸ್ತೀರೇನು?" ಅಂದಳು ಅಮ್ಮ.

"ಹಿಡೀತೀನಿ, ಬಿಡ್ತೀನಿ."

"ಅಷ್ಟಕ್ಕ ದೋಣಿ ಯಾಕ? ಬಚ್ಚಲದಾಗ ಬಕೆಟ್ ಐತಲ್ಲ."

ಅವಳ ತಕರಾರು ಮೀನಿನದಾಗಿರಲಿಲ್ಲ. ಅದಕ್ಕೂ ಮೊದಲು ಅಪ್ಪ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದಿದ್ದ. ಅವನೊಬ್ಬನೇ ನೀರಿಗಿಳಿಯುವುದು ಅವಳಿಗೆ ಬೇಡವಾಗಿತ್ತು. ಅವನಿಗೆ ಬೇಕಾಗಿದ್ದದ್ದು ಅದೇ. ಹಾಗಾಗಿ ಎಷ್ಟು ದೊಡ್ಡ ದೋಣಿ ಅನ್ನುವುದೇ ಜಗಳವಾಯಿತು. ಚಿಕ್ಕದಾದರೆ ಒಬ್ಬನೇ ತಳ್ಳಿಕೊಂಡು ಹೋಗಬಹುದು. ದೊಡ್ಡದಾದರೆ ಇನ್ನೊಬ್ಬರಿಲ್ಲದೆ ಮರಳಿನಿಂದ ಅಲುಗದು.

"ನಿಮ್ಮೊಬ್ಬರ ಕೈಲೆ ಆಗಬಾರದು ನೋಡ್ರಿ, ಅಂಥಾದು ತಗೋರಿ," ಅಂದಳು.

ಅಪ್ಪನಿಗೆ ಉದ್ದವೆಂದರೆ ಬರ್ತ್. ಒಂದು ಬರ್ತ್ ಆರಡಿ. ಎರಡು ಬರ್ತಿನ ದೋಣಿ ಸಾಕು, ಬೇಕಾದರೆ ಅದರಲ್ಲೇ ಮೂವರು ಹಿಡಿಸುತ್ತೇವೆ ಎಂದು ತೋರಿಸಲು ನೆಲದ ಮೇಲೆ ಗೆರೆ ಎಳೆದ. ಒಳಗೆ ಮೂರು ಪ್ಲಾಸ್ಟಿಕ್ ಕುರ್ಚಿ. ನಾವು ಕೂತೆವು. ಆರಾಮವಾಗಿತ್ತು. ಆಗಬೇಕಾದ್ದೇ. ಅಪ್ಪ ಎಳೆದದ್ದು ರೈಲು ಡಬ್ಬಿಯ ಹಾಗೆ ಉದ್ದಚೌಕವಾಗಿತ್ತು, ನಾಲ್ಕು ಮೂಲೆ ಸಮ. ಜೀವಮಾನವೆಲ್ಲ ರೈಲಿನಲ್ಲಿ ಕಳೆದವರಿಗೆ ದೋಣಿಗೆ ಮೂಲೆಗಳಿಲ್ಲ ಅನ್ನುವುದು ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

ಮುಂದೆ ಸೂರತ್, ಮೂವರೂ. ಅಲ್ಲಿಂದ ಕಡಲ ಕಡೆಗೆ ಆಟೋ. ದೋಣಿ ಮಾರುವವನು ನೆರಳಲ್ಲಿ ಕೂತು, ಎಷ್ಟು ಜನ ಕೂರುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ:

"ಕಿತ್‌ನೇ ಆದ್ಮಿ ಬೈಠೇಂಗೇ, ಕಾಕಾ?"

"ಏಕ್," ಅಂದ ಅಪ್ಪ.

"ದೋ," ಅಂದಳು ಹಿಂದಿನಿಂದ ಅಮ್ಮ.

ಅವನು ನಕ್ಕು ಎರಡನ್ನೂ ತೋರಿಸಿದ. ಚಿಕ್ಕದು ಹನ್ನೆರಡು ಅಡಿ, ಅಪ್ಪನ ಎರಡು ಬರ್ತ್. ಎರಡೂ ತುದಿಗೆ ಚೂಪು, ತಳ ಇನ್ನೂ ಕಿರಿದು. ಅಪ್ಪ ಅಮ್ಮ ಅದರಲ್ಲಿ ಎದುರುಬದುರು ಕೂತರು, ಮೊಣಕಾಲಿಗೆ ಮೊಣಕಾಲು ತಾಗಿತು.

"ಮೂರ ಕುರ್ಚಿ ಹಿಡಿದಿದ್ದುವಲ್ರೀ! ಎಲ್ಲಿ ಹ್ವಾದುವು?" ಅಮ್ಮ ನಕ್ಕಳು.

ಅಪ್ಪ ಇಳಿದು ಅದನ್ನು ತಳ್ಳಿದ. ಮರಳಿನ ಮೇಲೆ ಸುಲಭವಾಗಿ ಜಾರಿತು. ಅಮ್ಮನ ನಗು ಅಲ್ಲಿಗೆ ನಿಂತಿತು. ಅವಳ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ ಎಂದು ಬರೆಯಲು ಹೊರಟಿದ್ದೆ. ಇಲ್ಲ, ಅವಳು ನನಗೆ ಬೆನ್ನು ಮಾಡಿ ಕೂತಿದ್ದಳು, ದೋಣಿಯಿಂದ ಇನ್ನೂ ಇಳಿದಿರಲಿಲ್ಲ. ಅವಳನ್ನೂ ಹೊತ್ತುಕೊಂಡೇ ಅದು ಜಾರಿತು.

ಆಮೇಲೆ ಅಪ್ಪ ದೊಡ್ಡದರ ಹತ್ತಿರ ಹೋದ. ಮೂರು ಬರ್ತಿನಷ್ಟಿತ್ತು. ಹಿಂಬದಿಗೆ ಹೆಗಲು ಕೊಟ್ಟು ತಳ್ಳಿದ. ಅಲುಗಲಿಲ್ಲ. ಕೈ ಒರೆಸಿಕೊಂಡ.

"ಇದು ಇರ್ಲಿ."

"ಖರೇನೇನ್ರೀ?"

"ನೀ ಬರಾಂಗಿದ್ರ."

ಈಗ ತಿಂಗಳಿಗೊಮ್ಮೆ ಇಬ್ಬರೂ ವಡೋದರಾದಿಂದ ರೈಲಿನಲ್ಲಿ ಹೋಗುತ್ತಾರೆ. ದೋಣಿ ಮಾರಿದವನ ಕಡೆಯವರು ತಳ್ಳಿ ನೀರಿಗಿಳಿಸುತ್ತಾರೆ. ಅಮ್ಮ ಅದರೊಳಗೆ ಬಟಾಣಿ ಸುಲಿಯುತ್ತಾಳಂತೆ. ಅಪ್ಪ ಈವರೆಗೆ ಒಬ್ಬನೇ ಹೋದದ್ದಿಲ್ಲ.

ನಾನು ಅವತ್ತು ಎರಡು ಹೆಜ್ಜೆ ದೂರದಲ್ಲಿದ್ದೆ. ಚಿಕ್ಕದನ್ನು ಅಮ್ಮನ ಸಮೇತ ಜರುಗಿಸಿದವನು ದೊಡ್ಡದಕ್ಕೆ ತನ್ನ ಬಲವನ್ನೆಲ್ಲ ಹಾಕಿದನೇ, ಇಲ್ಲವೇ? ಹಾಕಿರದಿದ್ದರೆ ಅದು ಅವಳಿಗಾಗಿಯೇ, ಅಥವಾ ಒಬ್ಬನೇ ಹೋಗಲು ಅವನಿಗೂ ಹೆದರಿಕೆಯಿತ್ತೇ? ನನಗೆ ಗೊತ್ತಿಲ್ಲ. ಅವನನ್ನು ಕೇಳಿಲ್ಲ.