ಹನ್ನೊಂದನೆಯ ಹರಳು

ಎಣ್ಣೆ ಬೆಲೆ ಬಿದ್ದು ಹ್ಯೂಸ್ಟನ್ನಿನ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ವರ್ಷ ಅದು. ಜಿಯಾಲಜಿ ಓದಿದ ನನಗೆ ಸಿಕ್ಕಿದ್ದು ಒಂದು ಸಣ್ಣ ಲ್ಯಾಬಿನ ಕೆಲಸ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಮರಳಿನಲ್ಲಿ ನೇರಳೆ ಬಣ್ಣದ ಗಾರ್ನೆಟ್ ಹರಳು ಹುಡುಕಬೇಕು. ಕೆನಡಾದ ಉತ್ತರದಲ್ಲಿ, ಮರವೇ ಬೆಳೆಯದ ಬಯಲಿನಲ್ಲಿ ನಮ್ಮ ಕಂಪನಿಯವರು ಆಗಷ್ಟೇ ವಜ್ರ ಹುಡುಕಲು ಶುರುಮಾಡಿದ್ದರು. ವಜ್ರ ನೇರವಾಗಿ ಸಿಗುವುದಿಲ್ಲ. ಅದಿರುವ ಕಲ್ಲಿನಲ್ಲೇ ಈ ಗಾರ್ನೆಟ್ಟೂ ಇರುತ್ತದೆ. ಹಿಂದೆ ಹಿಮನದಿಗಳು ಆ ಕಲ್ಲನ್ನು ಅರೆದು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗಿವೆ. ಬೇಸಿಗೆಯಲ್ಲಿ ಹೆಲಿಕಾಪ್ಟರಿನಲ್ಲಿ ಹೋದವರು ಅಲ್ಲಿನ ಮಣ್ಣು ತುಂಬಿ ಕಳಿಸುತ್ತಿದ್ದರು. ತೊಳೆದು ಉಳಿದ ಮರಳು ನನ್ನ ಮೇಜಿಗೆ ಬರುತ್ತಿತ್ತು.

ಮ್ಯಾನೇಜರ್ ಬೆಂಗಳೂರಿನವರು. ಕನ್ನಡದವರೆಂದು ಮೊದಲ ವಾರ ಖುಷಿಪಟ್ಟಿದ್ದೆ. ಎರಡನೇ ವಾರ ಅವರು ನನ್ನ ಧಾರವಾಡದ ಮಾತನ್ನು ಇನ್ನೊಬ್ಬ ಕನ್ನಡಿಗನೆದುರು ಅಣಕಿಸಿ ನಕ್ಕರು. ಅಂದಿನಿಂದ ಅವರೊಂದಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಒಂದೇ ಚೀಲದ ಮರಳಿನಲ್ಲಿ ಹನ್ನೊಂದು ಹರಳು ಸಿಕ್ಕವು. ಅಷ್ಟು ಯಾವತ್ತೂ ಸಿಕ್ಕಿರಲಿಲ್ಲ. ಬರೆದುಕೊಟ್ಟೆ. ಮ್ಯಾನೇಜರ್ ಒಳಗೆ ಕರೆದು ಬಾಗಿಲು ಹಾಕಿದರು.

"ಹತ್ತು ನಾನೇ ಹಾಕಿದ್ದು ಮೇಡಂ, ನಿಮ್ಮನ್ನ ಟೆಸ್ಟ್ ಮಾಡೋಕೆ. ಇನ್ನೊಂದು ಎಲ್ಲಿಂದ ಬಂತು?"

ಸಿಟ್ಟಿಗೆ ಕನ್ನಡವೇ ಬಂತು. "ನೆಲದಾಗಿಂದ ಬಂದದ್ರಿ. ಮತ್ತೆಲ್ಲಿಂದ ಬರ್ತದ?"

"ಅಥವಾ ನೀವೇ ಸೇರಿಸಿದ್ರಾ?"

ಟೆಸ್ಟ್ ಮಾಡಿದ್ದಕ್ಕೆ ಬೇಸರವಿಲ್ಲ, ಎಲ್ಲ ಕಡೆ ಮಾಡುತ್ತಾರೆ. ಮೋಸ ಮಾಡಿದಳು ಅಂದದ್ದಕ್ಕೆ ಮೈ ಉರಿಯಿತು. ಹತ್ತು ಹರಳು ನುಣ್ಣಗಿದ್ದವು. ಒಂದಕ್ಕೆ ಮಾತ್ರ ಬೂದು ಸಿಪ್ಪೆ ಅಂಟಿತ್ತು. ದೂರದಿಂದ ಉರುಳಿ ಬಂದಿದ್ದರೆ ಆ ಸಿಪ್ಪೆ ಉದುರಿಹೋಗಿರುತ್ತಿತ್ತು. ಅಂದರೆ ಅದರ ಮೂಲ ಕಲ್ಲು ಆ ಮಣ್ಣು ತೆಗೆದ ಜಾಗದ ಹತ್ತಿರವೇ ಇರಬೇಕು.

"ಬಂದು ನೋಡ್ರಿ," ಅಂದೆ. ನೋಡಲಿಲ್ಲ. ಹಾಳೆಯ ಮೇಲೆ 'ಕಲುಷಿತ' ಎಂದು ಬರೆದು ಪಕ್ಕಕ್ಕಿಟ್ಟರು.

ನಾನು ಫೋಟೋ ತೆಗೆದು, ಮಣ್ಣು ತರುವ ತಂಡದ ಮುಖ್ಯಸ್ಥೆಗೆ ನೇರವಾಗಿ ಮೇಲ್ ಮಾಡಿದೆ. ಅದು ಗೊತ್ತಾದದ್ದೇ ತಡ, ಮೈಕ್ರೋಸ್ಕೋಪು ಬಿಡಿಸಿ ಜರಡಿ ತೊಳೆಯಲು ಹಾಕಿದರು. "ಬಿಟ್ಟು ಬಾ, ಬ್ಯಾರೆ ಕೆಲಸ ನೋಡೋಣು," ಅಂದರು ನನ್ನ ಗಂಡ. ಬಿಡಲಿಲ್ಲ. ಎಂಟು ತಿಂಗಳು ಜರಡಿ ತೊಳೆದೆ. ಪ್ರತಿದಿನವೂ ಆ ಮನುಷ್ಯನನ್ನು ದ್ವೇಷಿಸಿದೆ.

ಮುಂದಿನ ಬೇಸಿಗೆ ಆ ಮುಖ್ಯಸ್ಥೆ ಅದೇ ಜಾಗದ ಮಣ್ಣು ಮತ್ತೆ ತಂದಳು. ಮ್ಯಾನೇಜರ್ ಅದನ್ನು ಬೇರೊಬ್ಬರಿಗೆ ಕೊಟ್ಟರು. ಮೂರು ಹರಳು ಸಿಕ್ಕವು, ಎರಡಕ್ಕೆ ಸಿಪ್ಪೆ. ಆ ರಿಪೋರ್ಟನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ.

ಓದಿದರು. "ಸರಿ ಬಿಡಿ ಮೇಡಂ, ಆಗಿದ್ದಾಯ್ತು. ಬನ್ನಿ, ಹಿಲ್‌ಕ್ರಾಫ್ಟ್ ರಸ್ತೆಯ ಇಂಡಿಯನ್ ಹೋಟೆಲಲ್ಲಿ ಊಟ ಮಾಡ್ಕೊಂಡು ಬರೋಣ."

"ಡಬ್ಬಿ ತಂದೀನ್ರಿ. ಆ ಹಳೇ ಹಾಳ್ಯಾಗ ಬರದದ್ದನ್ನ ಅಳಸ್ರಿ ಮೊದಲು."

"ಆ ಫೈಲ್ ಕ್ಲೋಸ್ ಆಗಿದೆ."

ಚಳಿಗಾಲಕ್ಕೆ ಮುಂಚೆ ಆಸ್ಟಿನ್‌ನಲ್ಲಿ ಅಂತರ್ಜಲ ಪರೀಕ್ಷಿಸುವ ಕೆಲಸ ಸಿಕ್ಕಿತು. ಕೆನಡಾದಲ್ಲಿ ಕೊನೆಗೆ ವಜ್ರ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ, ಕೇಳಲೂ ಇಲ್ಲ. ಹೊರಡುವ ದಿನ ಸಹೋದ್ಯೋಗಿಗಳು ಕೇಕ್ ತಂದಿದ್ದರು. ಮ್ಯಾನೇಜರೂ ಬಂದು ಕೈ ಚಾಚಿದರು. ನಾನು ಕೇಕಿನ ತಟ್ಟೆ ಹಿಡಿದುಕೊಂಡು ನಿಂತೆ. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳುವವರೆಗೂ ನಿಂತಿದ್ದೆ.