ಮೈಕಿನ ಮುಂದೆ ನಾನು

ನನ್ನ ಧ್ವನಿ ಗಂಭೀರವಾದದ್ದು ಎಂಬ ನಂಬಿಕೆಯಲ್ಲಿ ನಾನು ನಡುವಯಸ್ಸಿನವರೆಗೂ ಸುಖವಾಗಿದ್ದೆ. ಆ ಸುಖಕ್ಕೆ ಕುತ್ತು ಬಂದದ್ದು ವಡೋದರಾದ ಫತೇಗಂಜ್‌ನಲ್ಲಿ, ಮನೆಗೆ ಕಂಪ್ಯೂಟರ್ ಬಂದ ವರ್ಷ.

ಬ್ಯಾಂಕಿನ ವರ್ಗಾವಣೆ ನನ್ನನ್ನು ಮೈಸೂರಿನಿಂದ ಅಲ್ಲಿಗೆ ತಂದು ಹಾಕಿತ್ತು. ಊರಿನ ಕನ್ನಡಿಗರ ರಾಜ್ಯೋತ್ಸವದಲ್ಲಿ ಮಕ್ಕಳ ನೃತ್ಯರೂಪಕವಿರುತ್ತಿತ್ತು. ಅದರ ನಿರೂಪಣೆ ಪ್ರತಿ ವರ್ಷ ನನ್ನದೇ. ಈ ಸಲ ಮನೆಯಲ್ಲೇ ರೆಕಾರ್ಡ್ ಮಾಡಿ ತರುತ್ತೇನೆ, ಸೌಂಡ್ ಕಾರ್ಡ್ ಇದೆ ಎಂದು ಸಭೆಯಲ್ಲಿ ಹೇಳಿಬಿಟ್ಟೆ. ಸೌಂಡ್ ಕಾರ್ಡ್ ಎಂದರೇನೆಂದು ಯಾರೂ ಕೇಳಲಿಲ್ಲ, ನನ್ನ ಪುಣ್ಯ.

ಭಾನುವಾರ ಬೆಳಿಗ್ಗೆ ಮೈಕಿನ ಮುಂದೆ ಕೂತು "ಸಹೃದಯರೇ" ಎಂದೆ. ಕಂಪ್ಯೂಟರ್ ಅದನ್ನು ತಿರುಗಿ ಹೇಳಿದಾಗ, ಯಾರೋ ಬಾಯಲ್ಲಿ ನೀರು ತುಂಬಿಕೊಂಡು, ತಗಡಿನ ಡಬ್ಬದೊಳಗೆ ತಲೆಯಿಟ್ಟು ಜಗಳವಾಡಿದಂತಿತ್ತು.

ಮೇಲಿನ ಮನೆಯ ಜೀತುಭಾಯಿ, ನಮ್ಮ ಸೊಸೈಟಿಯ ಕಾರ್ಯದರ್ಶಿ, ಸದ್ದು ಕೇಳಿ ಇಳಿದು ಬಂದರು. ತಪ್ಪು ಕರೆಂಟಿನದು ಎಂದು ಅವರಿಗೆ ಒಡನೆಯೇ ಹೊಳೆಯಿತು. "ಫ್ರಿಜ್ ಬಂಧ್ ಕರೋ" ಎಂದರು. ಫ್ರಿಜ್ ನಿಂತಿತು, ಫ್ಯಾನು ನಿಂತಿತು. ಜಗಳ ನಿಲ್ಲಲಿಲ್ಲ. ಕೊನೆಗೆ ಅವರು ಕಟ್ಟಡದ ನೀರಿನ ಪಂಪನ್ನೇ ನಿಲ್ಲಿಸಿ, ಮೈಗೆ ಸೋಪು ಹಚ್ಚಿಕೊಂಡು ಬಾಗಿಲಿಂದ ಇಣುಕಿದವರಿಗೆಲ್ಲ ಮೆಟ್ಟಿಲ ಮೇಲೆ ನಿಂತು, "ರೆಕಾರ್ಡಿಂಗ್ ಚಾಲೇ ಛೇ", ರೆಕಾರ್ಡಿಂಗ್ ನಡೀತಿದೆ, ಎಂದು ಸಮಾಧಾನ ಹೇಳಿದರು. ಸೋಪಿನವರು ಗೌರವದಿಂದ ಕಾದರು.

ನನ್ನ ಹೆಂಡತಿ ವಿಮಲಾ ತಮ್ಮನಿಗೆ ಫೋನು ಮಾಡಿದಳು. ಸುರೇಶ ಅಹಮದಾಬಾದಿನಲ್ಲಿ ಉಪಗ್ರಹಗಳ ಮಾತು ಕೇಳಿಸಿಕೊಳ್ಳುವ ವಿಜ್ಞಾನಿ. ರೈಲು ಹಿಡಿದು ಬಂದು, ಊಟ ಮಾಡಿ, ನನ್ನ "ಸಹೃದಯರೇ"ಯನ್ನು ಕಣ್ಣು ಮುಚ್ಚಿ ಕೇಳಿದ.

"ಭಾವ, ಮೈಕು, ಸ್ಪೀಕರು ಎರಡನ್ನೂ ಪೂರ್ತಿ ಏರಿಸಿಟ್ಟಿದ್ದೀರಿ. ದನಿ ಒಡೆಯದೆ ಇನ್ನೇನಾಗತ್ತೆ?"

ಎರಡನ್ನೂ ಇಳಿಸಿದ. ವಿಮಲಾ ಮಾತಾಡಿದಳು, ಅವಳ ಧ್ವನಿ ತಿಳಿನೀರಿನಂತೆ ಬಂತು. ಜೀತುಭಾಯಿ ಕೆಮ್ಮಿದರು, ಕೆಮ್ಮೂ ಸ್ಪಷ್ಟವಾಗಿತ್ತು. ಆಮೇಲೆ ನಾನು. ನೀರು ಹೋಗಿತ್ತು, ತಗಡು ಹೋಗಿತ್ತು. ಕೀಚಲಾದದ್ದೊಂದು ಮಾತ್ರ ಮೂಗಿನಲ್ಲಿ ಕೂತೇ ಇತ್ತು.

"ಇನ್ನೂ ಸ್ವಲ್ಪ ಉಳಿದಿದೆ ಸುರೇಶ" ಎಂದೆ.

ಅವನು ಅಕ್ಕನ ಮುಖ ನೋಡಿದ.

"ಉಳಿದಿರೋದು ನೀವೇ ಕಣ್ರೀ" ಎಂದಳು ವಿಮಲಾ. "ಮದುವೆ ಆದಾಗಿಂದ ಇದೇ ದನಿ. ನಮಗೆಲ್ಲ ಅಭ್ಯಾಸವಾಗಿದೆ. ನಿಮಗೊಬ್ಬರಿಗೇ ಹೊಸದು."

ನಮ್ಮ ಮಾತು ನಮಗೆ ತಲೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ತುಂಬಿದಂತೆ ತೋರುತ್ತದೆ ಎಂದು ಸುರೇಶ ವಿವರಿಸಿದ. ಅಂದರೆ ನನ್ನ ಆ ಗಂಭೀರ ಕಂಠದ ಕಛೇರಿ ಇಷ್ಟು ವರ್ಷ ನಡೆದದ್ದು ನನ್ನ ಬುರುಡೆಯೊಳಗೆ. ಶ್ರೋತೃ ಒಬ್ಬನೇ, ಅವನೂ ಕಲಾವಿದನ ಕಡೆಯವನು. ಜೀತುಭಾಯಿ ಹೋಗಿ ಪಂಪು ಹಾಕಿದರು.

ನಿರೂಪಣೆ ಬೇರೆಯವರು ಮಾಡಲಿ ಎಂದೆ. ವಿಮಲಾ ಒಪ್ಪಲಿಲ್ಲ. "ಮಕ್ಕಳು ಹೆಜ್ಜೆ ಕಲಿತಿರೋದೇ ಈ ದನಿಗೆ. ಅರ್ಧಕ್ಕರ್ಧ ಮಕ್ಕಳಿಗೆ ಕನ್ನಡ ಅರ್ಥವಾಗಲ್ಲ. ನಿಮ್ಮ ಮೂಗು ಕೇಳಿಯೇ ರಂಗಕ್ಕೆ ಬರ್ತಾರೆ."

ಹಾಗೇ ಆಯಿತು. ರಾಜ್ಯೋತ್ಸವದ ದಿನ, ಕಂಪ್ಯೂಟರಿನಿಂದ ಇಳಿಸಿಕೊಂಡ ಟೇಪು ತಿರುಗಿತು, ಮಕ್ಕಳು ಒಬ್ಬರೂ ತಪ್ಪದೆ ರಂಗಕ್ಕೆ ಬಂದರು. ಸಭೆಯಲ್ಲಿ ಬೆಚ್ಚಿದವನು ನಾನೊಬ್ಬನೇ. ಮುಗಿದ ಮೇಲೆ ಹಿರಿಯರೊಬ್ಬರು ಕೈ ಹಿಡಿದು, "ನಿಮ್ಮ ಧ್ವನಿ ಎಂದಿನಂತೆಯೇ ಇತ್ತು" ಎಂದರು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವನು, ಯೋಚಿಸಿ, ಸುಮ್ಮನೆ ಕೈ ಮುಗಿದೆ.